ಗುಂಡಿನ ಗುರುತು, ಕಣ್ಣಿನ ಸಾಕ್ಷಿ: ಲಾಹೋರಿನ ಒಂದು ಮೊಕದ್ದಮೆ

ರಾಯಬಾಗ, ಅಥಣಿ, ಚಿಕ್ಕೋಡಿಗಳ ಕಡೆ ಭಗತ್‌ಸಿಂಗ್, ರಾಜಗುರು, ಸುಖದೇವರ ಭಾವಚಿತ್ರವನ್ನು ಕಾಣದ ಮಕ್ಕಳು ವಿರಳ. ಅವರಲ್ಲಿ ಶಿವರಾಮ ಹರಿ ರಾಜಗುರು ಪುಣೆ ಜಿಲ್ಲೆಯ ಖೇಡದವರು. ಆ ಊರಿಗೆ ಇಂದು ರಾಜಗುರುನಗರವೆಂದೇ ಹೆಸರು. 1931ರ ಮಾರ್ಚ್ 23ರ ಸಂಜೆ ಲಾಹೋರಿನ ಸೆರೆಮನೆಯಲ್ಲಿ ಮೂವರನ್ನೂ ಗಲ್ಲಿಗೇರಿಸಲಾಯಿತು. ಅವರ ಬಲಿದಾನವನ್ನು ನಾಡು ಮರೆತಿಲ್ಲ. ಆದರೆ ಆ ಮರಣದಂಡನೆಗೆ ಆಧಾರವಾದ ಸಾಕ್ಷ್ಯ ಎಂತಹದು, ಅದನ್ನು ಪರೀಕ್ಷಿಸಿದ ಬಗೆ ಎಂತಹದು ಎಂಬ ಪ್ರಶ್ನೆ ಇಂದಿಗೂ ವಿಚಾರಯೋಗ್ಯವಾಗಿದೆ.

ಘಟನೆಯ ಹಿನ್ನೆಲೆ ಸುಪರಿಚಿತ. 1928ರ ಅಕ್ಟೋಬರ್ 30ರಂದು ಸೈಮನ್ ಆಯೋಗದ ವಿರುದ್ಧ ಲಾಹೋರಿನಲ್ಲಿ ಮೆರವಣಿಗೆ ಹೊರಟಿತು. ಪೊಲೀಸ್ ಅಧೀಕ್ಷಕ ಜೇಮ್ಸ್ ಸ್ಕಾಟನ ಆಜ್ಞೆಯಂತೆ ನಡೆದ ಲಾಠಿಪ್ರಹಾರದಲ್ಲಿ ಲಾಲಾ ಲಜಪತರಾಯರು ಪೆಟ್ಟುತಿಂದರು; ನವೆಂಬರ್ 17ರಂದು ತೀರಿಕೊಂಡರು. ಕ್ರಾಂತಿಕಾರರು ಸ್ಕಾಟನನ್ನು ಕೊಲ್ಲಲು ನಿಶ್ಚಯಿಸಿದರು. ಅವನ ಚಲನವಲನಗಳನ್ನು ಗಮನಿಸಿ ಸನ್ನೆ ಮಾಡುವ ಹೊಣೆ ಜಯಗೋಪಾಲನೆಂಬ ಸಹಚರನ ಪಾಲಿಗೆ ಬಂದಿತು. ಡಿಸೆಂಬರ್ 17ರ ಸಂಜೆ ಪೊಲೀಸ್ ಕಚೇರಿಯಿಂದ ಒಬ್ಬ ಆಂಗ್ಲ ಅಧಿಕಾರಿ ಹೊರಬಂದನು, ಸನ್ನೆಯಾಯಿತು, ಗುಂಡುಗಳು ಹಾರಿದವು. ಬಿದ್ದವನು ಸ್ಕಾಟ್ ಆಗಿರಲಿಲ್ಲ. ಅವನು ಸಹಾಯಕ ಅಧೀಕ್ಷಕ ಜಾನ್ ಸಾಂಡರ್ಸ್ ಎಂಬ ತರುಣ. ಬೆನ್ನಟ್ಟಿ ಬಂದ ಚನನ್‌ಸಿಂಗ್ ಎಂಬ ಭಾರತೀಯ ಪೇದೆಯೂ ಚಂದ್ರಶೇಖರ ಆಜಾದರ ಗುಂಡಿಗೆ ಬಲಿಯಾದನು.

ಗಮನಿಸಬೇಕಾದ ಮೊದಲ ಸಂಗತಿ ಇಲ್ಲಿಯೇ ಇದೆ. ಹಾಡುಹಗಲಿನಲ್ಲಿ, ಮೊದಲೇ ನೋಡಿಟ್ಟುಕೊಂಡ ವ್ಯಕ್ತಿಗಾಗಿ ಕಾದು ನಿಂತ ಕಣ್ಣು ಕೂಡ ತಪ್ಪಿತು. ಅದೇ ಜಯಗೋಪಾಲನು ಮುಂದೆ ಮಾಫೀ ಸಾಕ್ಷಿಯಾಗಿ ಸರಕಾರದ ಪಕ್ಷವನ್ನು ಸೇರಿದನು. ಯಾರು ಎಲ್ಲಿ ನಿಂತಿದ್ದರು, ಯಾರು ಮೊದಲು ಗುಂಡು ಹಾರಿಸಿದರು ಎಂಬುದನ್ನು ಹೇಳಿದವನೂ ಅವನೇ. ಒಬ್ಬ ಮನುಷ್ಯನನ್ನು ತಪ್ಪಾಗಿ ಗುರುತಿಸಿದ ಕಣ್ಣುಗಳೇ ಉಳಿದವರನ್ನು ಗುರುತಿಸುವ ಮುಖ್ಯ ಆಧಾರವಾದವು.

ಕೃತ್ಯ ನಡೆದ ಸಂಜೆಯೇ ಅನಾರ್ಕಲಿ ಠಾಣೆಯಲ್ಲಿ ದಾಖಲಾದ ಪ್ರಥಮ ವರ್ತಮಾನ ವರದಿಯಲ್ಲಿ ಆರೋಪಿಗಳು ಅಪರಿಚಿತ ಬಂದೂಕುಧಾರಿಗಳೆಂದಷ್ಟೇ ಇದೆ. 2014ರಲ್ಲಿ ಲಾಹೋರ್ ಪೊಲೀಸರು ಅದರ ಪ್ರತಿಯನ್ನು ಹೊರತೆಗೆದಾಗ ಭಗತ್‌ಸಿಂಗನ ಹೆಸರು ಅದರಲ್ಲಿಲ್ಲವೆಂಬುದು ಸುದ್ದಿಯಾಯಿತು. ಆದರೆ ಇದಕ್ಕೆ ಅತಿಯಾದ ಬೆಲೆ ಕಟ್ಟಲಾಗದು. ಅಪರಿಚಿತನ ಹೆಸರನ್ನು ದಾರಿಹೋಕನು ಹೇಳಲಾರನು. ತನಿಖೆಯ ನಂತರ ಹೆಸರು ತಿಳಿಯುವುದು ಸಹಜ.

ಇನ್ನು ಪಿಸ್ತೂಲಿನ ವಿಷಯ. 1929ರ ಏಪ್ರಿಲ್ 8ರಂದು ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಬಾಂಬೆಸೆದು ಬಂಧನಕ್ಕೊಳಗಾದಾಗ ಭಗತ್‌ಸಿಂಗನಲ್ಲಿ ಪಾಯಿಂಟ್ 32 ಅಳತೆಯ ಕೋಲ್ಟ್ ಪಿಸ್ತೂಲು ದೊರೆಯಿತು. ಸಾಂಡರ್ಸನನ್ನು ಕೊಂದ ಆಯುಧ ಇದೇ ಎಂಬುದು ಸರಕಾರದ ವಾದವಾಗಿತ್ತು. ಇಂತಹ ಸಾಕ್ಷ್ಯದ ಶಾಸ್ತ್ರ ಆಗ ಇನ್ನೂ ಹೊಸದು. ನಳಿಕೆಯ ಒಳಮೈಯ ಗೆರೆಗಳು ಗುಂಡಿನ ಮೇಲೂ, ಬಡಿಯುವ ಮೊಳೆ ಮತ್ತು ಹಿಂಬದಿಯ ಲೋಹದ ಗುರುತುಗಳು ಖಾಲಿ ತೋಟಾದ ತಳದ ಮೇಲೂ ಅಚ್ಚೊತ್ತುತ್ತವೆ. ಅನುಮಾನದ ಆಯುಧದಿಂದ ಇನ್ನೊಂದು ಗುಂಡು ಹಾರಿಸಿ, ಎರಡನ್ನೂ ಸೂಕ್ಷ್ಮದರ್ಶಕದಡಿ ಹೋಲಿಸುವುದು ಅದರ ಕ್ರಮ. 1927ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಜಾರ್ಜ್ ಗಟರಿಜ್ ಎಂಬ ಪೊಲೀಸ್ ಪೇದೆಯ ಕೊಲೆಯಾದಾಗ, ತೋಟಾದ ತಳದಲ್ಲಿದ್ದ ಇಂತಹ ಒಂದು ಗುರುತೇ ಅಪರಾಧಿಗಳ ರಿವಾಲ್ವರಿಗೆ ದಾರಿ ತೋರಿತು. ಮರುವರ್ಷ ಬ್ರೌನ್ ಮತ್ತು ಕೆನಡಿ ಎಂಬಿಬ್ಬರಿಗೆ ಗಲ್ಲಾಯಿತು. ಆದರೂ ಕುದುರೆಯನ್ನು ಒತ್ತಿದ ಬೆರಳು ಇಬ್ಬರಲ್ಲಿ ಯಾರದೆಂಬುದನ್ನು ಆ ತೋಟಾ ಹೇಳಲಿಲ್ಲ.

ಗುಂಡಿನ ಸಾಕ್ಷ್ಯದ ಶಕ್ತಿಯೂ ಮಿತಿಯೂ ಇದೇ. ಅದು ನಳಿಕೆಯನ್ನು ಗುರುತಿಸುತ್ತದೆ, ಕೈಯನ್ನು ಗುರುತಿಸದು. ಲಾಹೋರಿನ ಕೃತ್ಯಕ್ಕೂ ದೆಹಲಿಯ ಬಂಧನಕ್ಕೂ ನಡುವೆ 112 ದಿನಗಳ ಅಂತರವಿತ್ತು. ಗುಪ್ತ ಸಂಘಟನೆಯೊಂದರಲ್ಲಿ ಆಯುಧವು ಕೈಯಿಂದ ಕೈಗೆ ಹೋಗಬಲ್ಲದು. ಆ ಅಂತರವನ್ನು ತುಂಬಲು ಮನುಷ್ಯರ ಮಾತೇ ಬೇಕು. ಸುಖದೇವನಂತೂ ಕೃತ್ಯದ ಸ್ಥಳದಲ್ಲಿಯೇ ಇರಲಿಲ್ಲ. ಅವನನ್ನು ಒಳಸಂಚಿಗೆ ಬಿಗಿದದ್ದು ಬಹುಮಟ್ಟಿಗೆ ಹಳೆಯ ಸಹಚರರ ಹೇಳಿಕೆಗಳೇ.

ಪಾಲುದಾರನ ಮಾತನ್ನು ಹೇಗೆ ತೂಗಬೇಕೆಂಬುದನ್ನು ಕಾನೂನು ಆಗಲೂ ಬಲ್ಲದಾಗಿತ್ತು. 1872ರ ಸಾಕ್ಷ್ಯ ಅಧಿನಿಯಮವು ಅಂತಹ ಸಾಕ್ಷಿಯ ಮೇಲೆ ಶಿಕ್ಷೆ ವಿಧಿಸುವುದನ್ನು ನಿಷೇಧಿಸಿರಲಿಲ್ಲ. ಆದರೆ ಬೇರೆ ಆಧಾರದ ಸಮರ್ಥನೆಯಿಲ್ಲದೆ ಅವನು ನಂಬಲರ್ಹನಲ್ಲವೆಂದು ನ್ಯಾಯಾಲಯ ಭಾವಿಸಬಹುದೆಂದು ಎಚ್ಚರಿಸಿತ್ತು. ತನ್ನ ಕೊರಳನ್ನು ಉಳಿಸಿಕೊಳ್ಳಲು ಇನ್ನೊಬ್ಬನ ಕೊರಳನ್ನು ತೋರಿಸುವವನ ಮಾತಿಗೆ ಪಾಟೀಸವಾಲೇ ಒರೆಗಲ್ಲು.

ಲಾಹೋರಿನಲ್ಲಿ ಇಲ್ಲವಾದದ್ದು ಆ ಒರೆಗಲ್ಲೇ. 1930ರ ಮೇ 1ರಂದು ವೈಸರಾಯ್ ಇರ್ವಿನ್ ಸುಗ್ರೀವಾಜ್ಞೆಯ ಮೂಲಕ ಮೂವರು ನ್ಯಾಯಾಧೀಶರ ವಿಶೇಷ ನ್ಯಾಯಮಂಡಳಿಯನ್ನು ನೇಮಿಸಿದನು. ಆರೋಪಿಗಳ ಗೈರುಹಾಜರಿಯಲ್ಲಿಯೂ ವಿಚಾರಣೆ ನಡೆಸಬಹುದಾಗಿತ್ತು. ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿಯ ಅವಕಾಶವಿರಲಿಲ್ಲ. ಮೇ 12ರಂದು ನ್ಯಾಯಾಲಯದಲ್ಲಿಯೇ ಆರೋಪಿಗಳನ್ನು ಥಳಿಸಲಾಯಿತು. ಆ ದಿನದ ಆಜ್ಞೆಗೆ ತಾನು ಹೊಣೆಯಲ್ಲವೆಂದು ನ್ಯಾಯಮೂರ್ತಿ ಆಗಾ ಹೈದರ್ ಬರೆದಿಟ್ಟರು. ಜೂನ್ 21ರಂದು ಮಂಡಳಿ ಪುನಾರಚನೆಗೊಂಡಾಗ ಅವರ ಹೆಸರು ಅದರಲ್ಲಿರಲಿಲ್ಲ. ಆರೋಪಿಗಳು ನ್ಯಾಯಾಲಯವನ್ನು ಬಹಿಷ್ಕರಿಸಿದರು. ಸುಮಾರು 450 ಸಾಕ್ಷಿಗಳ ಪೈಕಿ ಬಹುತೇಕರು ಪಾಟೀಸವಾಲಿಲ್ಲದೆಯೇ ಇಳಿದುಹೋದರು. ಅಕ್ಟೋಬರ್ 7ರಂದು ತೀರ್ಪು ಬಂದಿತು.

ಇಲ್ಲೊಂದು ಸತ್ಯವನ್ನು ಮರೆಮಾಚುವಂತಿಲ್ಲ. ಮೊದಲ ಗುಂಡು ರಾಜಗುರುವಿನದು, ನಂತರದವು ಭಗತ್‌ಸಿಂಗನವು ಎಂದು ಸಹಚರರೇ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಹಾಗಾದರೆ ತೀರ್ಪು ಸರಿಯಾಯಿತಲ್ಲವೇ ಎಂದು ಕೇಳುವವರಿದ್ದಾರೆ. ನಿರ್ಣಯವು ಸತ್ಯಕ್ಕೆ ಹೊಂದುವುದು ಬೇರೆ, ಸತ್ಯವನ್ನು ಅರಸಿ ನಿರ್ಣಯಿಸುವುದು ಬೇರೆ. ಪರೀಕ್ಷೆಯ ದಾರಿಯನ್ನು ಮುಚ್ಚಿದ ನ್ಯಾಯಮಂಡಳಿಗೆ ತಾನು ಸತ್ಯವನ್ನು ತಲುಪಿದೆನೋ ಇಲ್ಲವೋ ಎಂಬುದು ಸ್ವತಃ ತಿಳಿಯುವಂತಿರಲಿಲ್ಲ. ಅದೇ ದಾರಿಯಲ್ಲಿ ನಿರಪರಾಧಿಯೊಬ್ಬನು ನಿಂತಿದ್ದರೂ ಅವನಿಗೂ ಅದೇ ಗತಿಯಾಗುತ್ತಿತ್ತು. ಇನ್ನೊಂದು ಕಡೆ, ಬೇರೊಬ್ಬನೆಂದು ಭಾವಿಸಲ್ಪಟ್ಟು ಸತ್ತ ಸಾಂಡರ್ಸನಿಗೂ, ಕರ್ತವ್ಯದಲ್ಲಿ ಸತ್ತ ಚನನ್‌ಸಿಂಗನಿಗೂ ಪಕ್ಷಪಾತವಿಲ್ಲದ ವಿಚಾರಣೆ ಸಲ್ಲಬೇಕಾಗಿತ್ತು, ಅದೂ ಸಲ್ಲಲಿಲ್ಲ.

2016ರಲ್ಲಿ ಇಂದೋರಿನ ಗಡಿ ಭದ್ರತಾ ಪಡೆಯ ಸಂಗ್ರಹಾಲಯದಲ್ಲಿ ಆ ಪಿಸ್ತೂಲು ಪತ್ತೆಯಾಯಿತು. ಮೇಲಿನ ಕಪ್ಪು ಬಣ್ಣವನ್ನು ಕೆರೆದಾಗ 168896 ಎಂಬ ಸಂಖ್ಯೆ ಸ್ಪಷ್ಟವಾಗಿ ಕಂಡಿತು. ಲೋಹದ ಮೇಲಿನ ಅಂಕಿ ಇಷ್ಟು ವರ್ಷಗಳ ನಂತರವೂ ಓದಲು ಸಿಗುತ್ತದೆ. ಕೇಳದೇ ಉಳಿದ ಪ್ರಶ್ನೆಗಳಿಗೆ ಮಾತ್ರ ಉತ್ತರ ಎಲ್ಲಿಯೂ ಸಿಗದು.

ಮನೆಯಲ್ಲಿಯಾಗಲಿ, ಸಂಸ್ಥೆಯಲ್ಲಿಯಾಗಲಿ ಒಬ್ಬರ ಮೇಲೆ ಆರೋಪ ಬಂದಾಗ ಕಂಡವರಿದ್ದಾರೆ, ಕುರುಹೂ ಇದೆ ಎಂದು ಅವಸರಪಡುವುದು ಸುಲಭ. ಕಂಡವನ ಕಣ್ಣು ತಪ್ಪಬಹುದು. ಕುರುಹು ಅರ್ಧವನ್ನೇ ಹೇಳಬಹುದು. ಆರೋಪಿಗೆ ಎದುರುಪ್ರಶ್ನೆ ಕೇಳುವ ಅವಕಾಶವಿತ್ತ ನಂತರವೇ ತೀರ್ಮಾನಕ್ಕೆ ಬರುವುದು ವಿವೇಕಿಗಳ ಲಕ್ಷಣ.