ರಬ್ಬರಿನ ಹಾಲೂ ಶಸ್ತ್ರವೈದ್ಯರ ಕೈಗವಸೂ

ಕುದುರೆಮುಖದ ನೆತ್ತಿಯಿಂದ ಪಡುವಣಕ್ಕೆ ಇಳಿದರೆ ಕಾಫಿಯ ಸೀಮೆಯ ತಂಪು ಮುಗಿದು ಬೆಳ್ತಂಗಡಿಯ ಸೆಕೆ ತೊಡಗುವುದು. ರಬ್ಬರು ಮರಕ್ಕೆ ಈ ಸೆಕೆಯೂ ಮಳೆಯೂ ಹಿತವಾದುದರಿಂದ ಘಟ್ಟದ ಬುಡದಲ್ಲಿಯೇ ಅದು ಹೆಚ್ಚಾಗಿ ನೆಲೆಗೊಂಡಿದೆ. ನಸುಕಿನಲ್ಲಿ ತೊಗಟೆಯನ್ನು ಗೀರಿದಾಗ ಕರಟಕ್ಕೆ ತೊಟ್ಟಿಕ್ಕುವ ಹಾಲು ಬಹುಮಟ್ಟಿಗೆ ಹಾಳೆಯಾಗಿ ಟೈರಿಗೆ ಸಲ್ಲುವುದೆಂಬುದನ್ನು ಎಲ್ಲರೂ ಬಲ್ಲರು. ಅದೇ ಹಾಲು ಆಸ್ಪತ್ರೆಯನ್ನು ಹೊಕ್ಕ ವೃತ್ತಾಂತವನ್ನು ಬಲ್ಲವರು ವಿರಳ.

ಈ ಮರದ ತವರು ಬ್ರೆಜಿಲ್ ದೇಶ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮನು ಅಲ್ಲಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದನು. ಭಾರತದಲ್ಲಿ 1902ರಲ್ಲಿ ಪೆರಿಯಾರಿನ ದಡದ ತಟ್ಟೇಕಾಡಿನಲ್ಲಿ ವ್ಯಾಪಾರದ ಕೃಷಿ ಮೊದಲಾಯಿತು. 1964ರ ಭಾರತ-ಸಿಂಹಳ ಒಪ್ಪಂದದಂತೆ ಮರಳಿ ಬಂದ ತಮಿಳು ಕುಟುಂಬಗಳಿಗೆ ಜೀವನೋಪಾಯವಾಗಲೆಂದು ಸುಳ್ಯ, ಪುತ್ತೂರುಗಳ ಅರಣ್ಯಭೂಮಿಯಲ್ಲಿ ಸರಕಾರವು ರಬ್ಬರು ತೋಟಗಳನ್ನು ಎಬ್ಬಿಸಿತು. ನೆಲೆ ತಪ್ಪಿದ ಕೈಗಳಿಗೆ ಈ ಮರವೇ ಆಸರೆಯಾಯಿತು.

ಆಸ್ಪತ್ರೆಯ ಕಥೆಯೂ ಕೈಯಿಂದಲೇ ಆರಂಭವಾಗುವುದು. 1889ರ ಸುಮಾರಿಗೆ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾರೊಲೀನ್ ಹ್ಯಾಂಪ್ಟನ್ ಎಂಬ ದಾದಿಯ ಕೈಗಳು ಕ್ರಿಮಿನಾಶಕವಾದ ಪಾದರಸದ ದ್ರಾವಣದಿಂದ ಹುಣ್ಣಾದವು. ಶಸ್ತ್ರವೈದ್ಯರಾದ ಹಾಲ್‌ಸ್ಟೆಡ್ಡರು ಆಕೆಗಾಗಿ ತೆಳುವಾದ ರಬ್ಬರು ಕೈಗವಸುಗಳನ್ನು ಮಾಡಿಸಿದರು. ದಾದಿಯನ್ನು ಕಾಯಲು ಬಂದ ಗವಸು ರೋಗಿಯನ್ನೂ ಸೋಂಕಿನಿಂದ ಕಾಯುವುದೆಂದು ಕೆಲವು ವರ್ಷಗಳ ಬಳಿಕವೇ ಮನಗಾಣಲಾಯಿತು.

ಇಂದು ಗವಸನ್ನು ಮಾಡುವ ಕ್ರಮ ಹೀಗಿದೆ. ಹಾಲು ಕೆಲವೇ ಗಂಟೆಗಳಲ್ಲಿ ಹೆಪ್ಪುಗಟ್ಟುವುದರಿಂದ ಅದಕ್ಕೆ ಅಮೋನಿಯವನ್ನು ಬೆರೆಸುವರು. ಕೆನೆ ತೆಗೆವಂತೆ ಯಂತ್ರದಲ್ಲಿ ರಭಸದಿಂದ ತಿರುಗಿಸಿ, ಮೂರರಲ್ಲಿ ಒಂದು ಪಾಲಿನಷ್ಟಿದ್ದ ರಬ್ಬರನ್ನು ನೂರಕ್ಕೆ 60ಕ್ಕೆ ಏರಿಸುವರು. ಬಳಿಕ ಗಂಧಕವನ್ನು ಕೂಡಿಸಿ, ಕ್ಯಾಲ್ಸಿಯಂ ಲವಣವನ್ನು ಲೇಪಿಸಿದ ಪಿಂಗಾಣಿಯ ಅಚ್ಚುಗಳನ್ನು ಅದರಲ್ಲಿ ಅದ್ದಿ, ತೊಳೆದು, ಕಾಯಿಸುವರು. ಕನ್ನಡ ನಾಡಿನಲ್ಲಿಯೂ 1985ರಲ್ಲಿ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿ ಹಿಂದೂಸ್ಥಾನ್ ಲ್ಯಾಟೆಕ್ಸ್ ಸಂಸ್ಥೆಯು ರಬ್ಬರಿನ ಹಾಲಿನಿಂದ ಸಂತಾನನಿಯಂತ್ರಣ ಸಾಧನಗಳನ್ನು ತಯಾರಿಸುವ ಕಾರ್ಖಾನೆಯನ್ನು ತೆರೆಯಿತು.

ಮೇಲೆ ಹೇಳಿದ ಕ್ರಮದಲ್ಲಿ ತೊಳೆಯುವ ಕೆಲಸವು ಅಲ್ಪವಾಗಿ ತೋರಬಹುದು. ಆದರೆ 1980ರ ದಶಕದಲ್ಲಿ ಏಡ್ಸ್ ರೋಗದ ಭಯದಿಂದ ಗವಸುಗಳ ಬಳಕೆ ಏಕಾಏಕಿ ಹೆಚ್ಚಿದಾಗ, ಹಾಲಿನಲ್ಲಿ ಉಳಿದ ಪ್ರೋಟೀನುಗಳಿಂದ ಅನೇಕ ದಾದಿಯರಿಗೆ ತುರಿಕೆ, ಉಬ್ಬಸಗಳು ತಗುಲಿದವು. ಗವಸಿನ ಒಳಗಣ ಪುಡಿಯು ಆ ಪ್ರೋಟೀನನ್ನು ಗಾಳಿಗೂ ಹರಡಿತು. 2016ರಲ್ಲಿ ಅಮೆರಿಕವು ಅಂತಹ ಪುಡಿಯ ಗವಸುಗಳನ್ನು ನಿಷೇಧಿಸಿತು. ಒಬ್ಬ ದಾದಿಯ ಕೈಯನ್ನು ಕಾಯಲೆಂದು ಹುಟ್ಟಿದ ವಸ್ತುವು ನೂರು ವರ್ಷಗಳ ಮೇಲೆ ದಾದಿಯರ ಕೈಗಳನ್ನೇ ನೋಯಿಸಿತು. ಬಿಸಿನೀರಿನಲ್ಲಿ ಚೆನ್ನಾಗಿ ತೊಳೆಯುವುದೂ ಪುಡಿಯನ್ನು ಬಿಡುವುದೂ ಇದಕ್ಕೆ ಪರಿಹಾರಗಳಾದವು. ಒಗ್ಗದವರಿಗೆ ಕೃತಕ ರಬ್ಬರಿನ ಗವಸುಗಳು ಬಂದವು. ಹಾಲಿನ ಗುಣವೊಂದೇ ಸಾಲದು, ಅದನ್ನು ಶುದ್ಧಿಗೊಳಿಸುವವರ ತಾಳ್ಮೆಯೂ ಬೇಕು. ಆ ಶುದ್ಧಿಗೆ ಮೊದಲ ಹೊಣೆಗಾರರು ಘಟ್ಟದ ಬುಡದಲ್ಲಿ ನಸುಕಿಗೇ ಎದ್ದು ಕರಟವನ್ನು ಒರಸಿಡುವವರು.