ಒಂದನೇ ನಂಬರಿನ ಹಿಂದಿನ ಕಥೆ

1911ರಲ್ಲಿ ಅಮೆರಿಕದ ಶಿಕ್ಷಣ ಬ್ಯೂರೋದ ಕೆಂಡ್ರಿಕ್ ಬ್ಯಾಬ್‌ಕಾಕ್ ಎಂಬ ಅಧಿಕಾರಿ ಅಲ್ಲಿನ 344 ಕಾಲೇಜು, ವಿಶ್ವವಿದ್ಯಾಲಯಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದ. ಇಂಥದೊಂದು ಪಟ್ಟಿ ಬೇಕೆಂದು ಕೇಳಿದ್ದು ದೊಡ್ಡ ವಿಶ್ವವಿದ್ಯಾಲಯಗಳ ಸಂಘ. ಅವರಿಗಿದ್ದ ಪ್ರಶ್ನೆ ಒಂದೇ: ಈ ಕಾಲೇಜಿನಲ್ಲಿ ಬಿ.ಎ. ಮಾಡಿದವನು ನಮ್ಮಲ್ಲಿಗೆ ಬಂದರೆ ಒಂದು ವರ್ಷದಲ್ಲಿ ಎಂ.ಎ. ಮುಗಿಸಿಯಾನೇ, ಇಲ್ಲವೇ? ಆಮ್ಹರ್ಸ್ಟ್, ವಾಸರ್‌ನಂಥ ಪುಟ್ಟ ಕಾಲೇಜುಗಳೂ ಹಾರ್ವರ್ಡ್ ಜೊತೆ ಮೊದಲ ದರ್ಜೆಯಲ್ಲೇ ಕೂತವು. ಪ್ರಶ್ನೆ ಒಂದೇ ಆದ್ದರಿಂದ ಪಂಕ್ತಿಯೂ ಒಂದೇ.

ಪಟ್ಟಿ ಅಧಿಕೃತವಾಗಿ ಹೊರಬೀಳುವ ಮೊದಲೇ ಪತ್ರಿಕೆಗಳಿಗೆ ಸೋರಿತು. ಕೆಳಗಿನ ದರ್ಜೆಯವರು ಗಲಾಟೆ ಎಬ್ಬಿಸಿದರು. ಅಮೆರಿಕದ ಅಧ್ಯಕ್ಷ ಟಾಫ್ಟ್ ಅದನ್ನು ತಡೆಹಿಡಿದರು. ಆಮೇಲೆ ಬಂದ ವುಡ್ರೋ ವಿಲ್ಸನ್ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವನ್ನೇ ನಡೆಸಿದ್ದವರು, ಒಳಗಿನ ಹೂರಣ ಬಲ್ಲವರು. ಅವರೂ ಅದನ್ನು ಬಿಡುಗಡೆ ಮಾಡಲಿಲ್ಲ.

ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತನಾದ ನಾನು ಇದನ್ನೆಲ್ಲ ಓದತೊಡಗಿದ್ದು ತಮ್ಮನ ಮೊಮ್ಮಗಳ ದೆಸೆಯಿಂದ. ಅಮೆರಿಕಕ್ಕೆ ಹೋಗಲು ಅರ್ಜಿ ತುಂಬುತ್ತಿದ್ದಾಳೆ. "ಅಜ್ಜ, ವಿಲಿಯಮ್ಸ್ ಕಾಲೇಜು ಮೇಲೋ, ಬರ್ಕ್ಲಿ ಮೇಲೋ?" ಎಂದಳು. ಅವಳಪ್ಪನಿಗಂತೂ ವಿಲಿಯಮ್ಸ್ ಎಂಬ ಹೆಸರೇ ಹೊಸದು. "ಊರಲ್ಲಿ ಯಾರಾದ್ರೂ ಕೇಳಿದ್ರೆ ಏನಂತ ಹೇಳೋದು?" ಅನ್ನುವುದೇ ಅವನ ತಕರಾರು.

ಎರಡನ್ನೂ ಒಂದೇ ಏಣಿಯಲ್ಲಿ ನಿಲ್ಲಿಸುವುದನ್ನು ಅಮೆರಿಕದಲ್ಲೇ ಹಲವರು ಬಿಟ್ಟಿದ್ದಾರೆ. ಉನ್ನತ ಶಿಕ್ಷಣ ಕುರಿತ ಕಾರ್ನೆಗಿ ಆಯೋಗ 1973ರಲ್ಲಿ ಪ್ರಕಟಿಸಿದ ವರ್ಗೀಕರಣ ಪಿಎಚ್.ಡಿ. ಕೊಡುವ ಬರ್ಕ್ಲಿಯಂಥ ವಿಶ್ವವಿದ್ಯಾಲಯಗಳನ್ನೂ ಮುಖ್ಯವಾಗಿ ಪದವಿ ಪಾಠ ಹೇಳುವ ವಿಲಿಯಮ್ಸ್‌ನಂಥ ಲಿಬರಲ್ ಆರ್ಟ್ಸ್ ಕಾಲೇಜುಗಳನ್ನೂ ಬೇರೆಬೇರೆ ಗುಂಪಿಗೆ ಹಾಕಿತು. 1983ರಲ್ಲಿ 'ಯು.ಎಸ್. ನ್ಯೂಸ್' ವಾರಪತ್ರಿಕೆ ಮೊದಲ ಬಾರಿ ರ‍್ಯಾಂಕಿಂಗ್ ಮಾಡಿದಾಗ ಅದೇ ಗುಂಪುಗಳನ್ನು ಎತ್ತಿಕೊಂಡಿತು. ಆ ಸಲ ಕಾಲೇಜುಗಳ ಅಧ್ಯಕ್ಷರಿಗೆ ಪ್ರಶ್ನೆ ಕಳಿಸಿ ಅವರ ಅಭಿಪ್ರಾಯವನ್ನೇ ಲೆಕ್ಕಕ್ಕೆ ಹಿಡಿದರು. ವಿಶ್ವವಿದ್ಯಾಲಯಗಳಲ್ಲಿ ಸ್ಟ್ಯಾನ್‌ಫರ್ಡ್ ಮೊದಲು ಬಂತು. ಪ್ರವೇಶದ ಅಂಕ, ಅಧ್ಯಾಪಕರ ಸಂಖ್ಯೆ, ಖರ್ಚು ಮುಂತಾದ ಅಂಕಿಗಳು ಸೇರಿದ್ದು ಆ ದಶಕದ ಕೊನೆಯಲ್ಲಿ.

ವಿಲಿಯಮ್ಸ್‌ನಲ್ಲಿ ಇರುವವರೇ ಸುಮಾರು ಎರಡು ಸಾವಿರ ವಿದ್ಯಾರ್ಥಿಗಳು. ಅಲ್ಲಿ ಪ್ರಬಂಧ ತಿದ್ದುವುದು ಪ್ರೊಫೆಸರೇ. ಬರ್ಕ್ಲಿಯಲ್ಲಿ ಪದವಿ ವಿದ್ಯಾರ್ಥಿಗಳೇ ಮೂವತ್ತು ಸಾವಿರ ದಾಟುತ್ತಾರೆ. ಮೊದಲ ವರ್ಷದ ದೊಡ್ಡ ತರಗತಿಗಳಲ್ಲಿ ಉತ್ತರಪತ್ರಿಕೆ ಬಹುಪಾಲು ಸಂಶೋಧನಾ ವಿದ್ಯಾರ್ಥಿಗಳ ಕೈಗೆ ಹೋಗುತ್ತದೆ. ಆದರೆ ನೊಬೆಲ್ ಪಡೆದವರ ಪ್ರಯೋಗಾಲಯ ಇರುವುದೂ ಅಲ್ಲೇ. ಯಾವುದು ಮೇಲು ಎನ್ನುವುದಕ್ಕಿಂತ ಹುಡುಗಿಗೆ ಯಾವುದು ಬೇಕು ಎಂದು ಕೇಳಬೇಕು. ಅವಳಪ್ಪನಿಗೆ ಇದನ್ನು ಹೇಳಿ ನೋಡಿದ್ದೇನೆ, ಕಿವಿಗೆ ಹೋಗಿಲ್ಲ.

ನನಗೆ ಇಷ್ಟವಾದದ್ದು ಒರೆಗಾನಿನ ರೀಡ್ ಕಾಲೇಜು. 1995ರಲ್ಲಿ ಅದರ ಅಧ್ಯಕ್ಷ ಸ್ಟೀವನ್ ಕೊಬ್ಲಿಕ್, ಯು.ಎಸ್. ನ್ಯೂಸ್‌ಗೆ ನಮ್ಮ ಅಂಕಿ ಕೊಡುವುದಿಲ್ಲ ಎಂದರು. ಪತ್ರಿಕೆ ಸುಮ್ಮನಿರಲಿಲ್ಲ, ರೀಡನ್ನು ಅತಿ ಕೆಳಗಿನ ಗುಂಪಿಗೆ ತಳ್ಳಿತು. ಓದಿದವರಲ್ಲಿ ಎಷ್ಟು ಪಾಲು ಮುಂದೆ ಪಿಎಚ್.ಡಿ. ಮಾಡುತ್ತಾರೆಂದು ನೋಡಿದರೆ ದೇಶದ ಮುಂಚೂಣಿಯಲ್ಲಿ ನಿಲ್ಲುವ ಕಾಲೇಜು ಅದು. ಬ್ಯಾಬ್‌ಕಾಕ್ ಕೇಳಿದ ಪ್ರಶ್ನೆಯನ್ನೇ ಕೇಳಿದ್ದರೆ ಅದು ಎಲ್ಲಿರುತ್ತಿತ್ತು!

ಅಂಕಿ ಕೊಟ್ಟವರ ಕಥೆ ಬೇರೆ. ಕ್ಲೇರ್ಮಾಂಟ್ ಮೆಕೆನ್ನಾ ಕಾಲೇಜು ಪ್ರವೇಶ ಪರೀಕ್ಷೆಯ ಅಂಕಗಳನ್ನು ಉಬ್ಬಿಸಿ ಕಳಿಸಿದ್ದಾಗಿ 2012ರಲ್ಲಿ ಒಪ್ಪಿಕೊಂಡಿತು. ಓದಿ ನನಗೇನೂ ಆಶ್ಚರ್ಯವಾಗಲಿಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವಾರ ನಮ್ಮ ಕಡೆಯ ಕಾಲೇಜುಗಳಲ್ಲಿ ಗೋಡೆಗೆ ಸುಣ್ಣ, ಕಡತಕ್ಕೆ ಹೊಸ ರಟ್ಟು, ಒಣಗಿದ ಕೈತೋಟಕ್ಕೆ ರಾತ್ರೋರಾತ್ರಿ ಹೂಕುಂಡ ಬರುವುದನ್ನು ಕಂಡವರಿಗೆ ಅದೆಲ್ಲ ಅರ್ಥವಾಗುತ್ತದೆ.

ಕೊಲಂಬಿಯಾ ವಿಶ್ವವಿದ್ಯಾಲಯದ್ದು ಇನ್ನೂ ಸ್ವಾರಸ್ಯ. ಯು.ಎಸ್. ನ್ಯೂಸ್ ಪಟ್ಟಿಯಲ್ಲಿ ಹಾರ್ವರ್ಡ್ ಜೊತೆ ಎರಡನೇ ಸ್ಥಾನ ಹಂಚಿಕೊಂಡಿದ್ದ ಅದರ ಲೆಕ್ಕವನ್ನು 2022ರಲ್ಲಿ ಅಲ್ಲಿನದೇ ಗಣಿತದ ಪ್ರೊಫೆಸರ್ ಮೈಕಲ್ ಥ್ಯಾಡಿಯಸ್ ಕೂತು ತಾಳೆ ನೋಡಿದರು. ಇಪ್ಪತ್ತಕ್ಕಿಂತ ಕಡಿಮೆ ವಿದ್ಯಾರ್ಥಿಗಳಿರುವ ತರಗತಿಗಳು ಶೇ 82.5 ಎಂದು ಕಾಗದದಲ್ಲಿತ್ತು. ಕೋರ್ಸುಗಳ ಪಟ್ಟಿ ಹಿಡಿದು ಎಣಿಸಿದಾಗ ಶೇ 67ನ್ನೂ ಮುಟ್ಟಲಿಲ್ಲ. ಆ ವರ್ಷ ಕೊಲಂಬಿಯಾ 18ಕ್ಕೆ ಇಳಿಯಿತು. ಮರುವರ್ಷ, ಇನ್ನು ಮುಂದೆ ಅಂಕಿ ಕಳಿಸುವುದಿಲ್ಲ ಎಂದು ಘೋಷಿಸಿತು. ಪತ್ರಿಕೆ ಬೇರೆ ಕಡೆಗಳಿಂದ ಅಂಕಿ ಹೆಕ್ಕಿ ತಂದು ಅದಕ್ಕೆ 12ನೇ ಸ್ಥಾನ ಕೊಟ್ಟಿತು.