ಅಚ್ಚಾಗದ ಸಾಲು, ಪುಟ ಕಟ್ಟಿದ ಚುಕ್ಕಿ

ಗುಂಡ್ಲುಪೇಟೆಯ ರೈತ ಬೆಳೆಸಾಲಕ್ಕೆಂದು ಬ್ಯಾಂಕಿನ ಮೆಟ್ಟಿಲು ಹತ್ತಿದರೆ ಅಲ್ಲಿ ಮೊದಲು ಕೇಳುವುದು ಪಹಣಿಯನ್ನು. ಅದರ 9ನೇ ಕಾಲಂನಲ್ಲಿರುವ ಹೆಸರು ಜಮೀನಿನ ಒಡೆಯನದು. 11ರಲ್ಲಿ ಋಣ ಮತ್ತು ಇತರ ಹಕ್ಕುಗಳು. 12ರಲ್ಲಿ ಸಾಗುವಳಿ, ಬೆಳೆ. ಹೆಸರು ಒಂದೇ ಇರಬಹುದು, ಆದರೆ ಅದು ಯಾವ ಗೆರೆಯ ಒಳಗಿದೆ ಎಂಬುದರ ಮೇಲೆ ಮನುಷ್ಯ ಒಡೆಯನೋ ಸಾಲಗಾರನೋ ಎಂದು ತೀರ್ಮಾನವಾಗುತ್ತದೆ. ಅಕ್ಷರದಷ್ಟೇ ಅಕ್ಷರ ಕುಳಿತ ಜಾಗವೂ ಮುಖ್ಯ.

ಈ ಜಾಗದ ಚಿಂತೆ ಹೊಸದೇನಲ್ಲ. ಬಿ.ಎಲ್. ರೈಸ್ ಅವರು 1898ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ನಾಲ್ಕನೇ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳಿವೆ. ನಾಡಿನ ಅನೇಕ ಶಾಸನಗಳಲ್ಲಿ ಸಾಲು ಸಾಲಿನ ನಡುವೆ ಉದ್ದಕ್ಕೂ ಕೊರೆದ ಗೆರೆಗಳು ಕಾಣುತ್ತವೆ. ಕಲ್ಲುಕುಟಿಗ ಅಕ್ಷರ ಸೊಟ್ಟಗಾಗದಂತೆ ಹಾಕಿಕೊಂಡ ಗೆರೆ ಅದು. ಯಾರೂ ಅದನ್ನು ಓದುವುದಿಲ್ಲ, ಆದರೆ ಅದಿಲ್ಲದೆ ಓದು ಸುಗಮವಲ್ಲ. ಅಚ್ಚುಕೂಟದಲ್ಲಿ ಇದೇ ಕೆಲಸ ಮಾಡಿದ್ದು ಮೊಳೆಸಾಲುಗಳ ನಡುವೆ ಇಡುತ್ತಿದ್ದ ಸೀಸದ ತೆಳು ಪಟ್ಟಿ. ಅದು ಮೊಳೆಗಿಂತ ಗಿಡ್ಡ. ಹಾಗಾಗಿ ಮಸಿ ತಾಗದೆ, ಬಿಳಿ ಜಾಗವನ್ನಷ್ಟೇ ಬಿಟ್ಟುಕೊಡುತ್ತಿತ್ತು.

ಗಣಕಯಂತ್ರಕ್ಕೆ ಇದನ್ನು ಹೇಳಿಕೊಡುವುದು ಹೇಗೆ? ಟೈಪು ಮಾಡಿದ್ದೆಲ್ಲ ಅದಕ್ಕೆ ಅಕ್ಷರವೇ. 'ಇದನ್ನು ಅಚ್ಚು ಹಾಕಬೇಡ, ಇದು ನಿನಗೆ ಹೇಳಿದ್ದು' ಎಂದು ತಿಳಿಸುವ ಗುರುತೊಂದು ಬೇಕಿತ್ತು. ಅಮೆರಿಕದ ಎಂಐಟಿಯಲ್ಲಿ ಜೆರೋಮ್ ಸಾಲ್ಟ್‌ಜರ್ 1964ರಲ್ಲಿ ಬರೆದ 'ರನಾಫ್' ಎಂಬ ಕ್ರಮವಿಧಿ ಬಹು ಸರಳ ಉಪಾಯ ಹೂಡಿತು. ಚುಕ್ಕಿಯಿಂದ ಆರಂಭವಾಗುವ ಸಾಲು ಆಜ್ಞೆ, ಉಳಿದದ್ದು ಬರಹ. ಚುಕ್ಕಿಯೇ ಏಕೆ? ವಾಕ್ಯದ ಕೊನೆಗೆ ಬರುವ ಚುಕ್ಕಿ ಸಾಲಿನ ತಲೆಯಲ್ಲಿ ಬರುವ ಪ್ರಸಂಗವೇ ಅಪರೂಪ. ಹಾಗಾಗಿ ಗೊಂದಲವಿಲ್ಲ.

ಆ ಚುಕ್ಕಿಯನ್ನು ಸಾಮಾನ್ಯ ಬೆರಳಚ್ಚುಗಾರರ ಬೆರಳ ತುದಿಗೆ ತಂದದ್ದು 1978ರಲ್ಲಿ ಬಂದ ವರ್ಡ್‌ಸ್ಟಾರ್. ಬರೆದವರು ರಾಬ್ ಬಾರ್ನಬಿ, ಮಾರಾಟಕ್ಕೆ ತಂದದ್ದು ಸೀಮೋರ್ ರುಬಿನ್‌ಸ್ಟೈನ್ ಅವರ ಮೈಕ್ರೋಪ್ರೋ ಸಂಸ್ಥೆ. ಗಣಕ ತರಬೇತಿ ಕೇಂದ್ರಗಳ ಬೋರ್ಡುಗಳಲ್ಲಿ 'ವರ್ಡ್‌ಸ್ಟಾರ್, ಲೋಟಸ್, ಡಿಬೇಸ್' ಎಂದು ಒಂದೇ ಉಸಿರಿನಲ್ಲಿ ಬರೆದಿರುತ್ತಿದ್ದ ಕಾಲವನ್ನು ಹಲವರು ಬಲ್ಲರು. ಅಲ್ಲಿ ಕಲಿತವರಿಗೆ ಚುಕ್ಕಿ ಆಜ್ಞೆಗಳು ಬಾಯಿಪಾಠ. ಚುಕ್ಕಿ ಇಟ್ಟು ಪಿ, ಎ ಎಂದು ಒತ್ತಿದರೆ ಹೊಸ ಪುಟ. ಎಂ, ಟಿ ಎಂದರೆ ಮೇಲಿನ ಅಂಚು. ಓ, ಪಿ ಎಂದರೆ ಪುಟಸಂಖ್ಯೆ ಬೇಡ. ಎರಡು ಚುಕ್ಕಿ ಇಟ್ಟು ಏನು ಬರೆದರೂ ಅದು ಅಚ್ಚಾಗದು. ಮುಂದಿನ ಪಾಳಿಯವರಿಗೆ ಚೀಟಿ ಬರೆದಿಡಲು ಒಳ್ಳೆಯ ಜಾಗ! ಆಜ್ಞೆ ತಪ್ಪಾದರೆ ಪರದೆಯ ಬಲ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತಿತ್ತು.

ಇವುಗಳಲ್ಲಿ ನಮ್ಮವರಿಗೆ ತೀರಾ ಅಗತ್ಯವಾಗಿದ್ದ ಆಜ್ಞೆ ಪಿ, ಎಲ್. ಅಂದರೆ ಪುಟದ ಉದ್ದ. ಅಮೆರಿಕದ ಕಾಗದ 11 ಅಂಗುಲ. ಅಂಗುಲಕ್ಕೆ 6 ಸಾಲಿನಂತೆ 66 ಸಾಲು. ವರ್ಡ್‌ಸ್ಟಾರ್ ಎಣಿಸಿದ್ದು ಅಷ್ಟನ್ನೇ. ಆದರೆ ಇಲ್ಲಿನ ಕಚೇರಿಗಳ ಡಾಟ್ ಮ್ಯಾಟ್ರಿಕ್ಸ್ ಯಂತ್ರಕ್ಕೆ ಹಾಕುತ್ತಿದ್ದ, ಬದಿಯಲ್ಲಿ ತೂತುಗಳಿದ್ದ ಕಾಗದದ ಸುರುಳಿಯಲ್ಲಿ ಒಂದು ಹಾಳೆ 12 ಅಂಗುಲ, 72 ಸಾಲು. ಹಾಗೇ ಬಿಟ್ಟರೆ ಪ್ರತಿ ಪುಟವೂ ಒಂದೊಂದು ಅಂಗುಲ ಮೇಲೆ ಸರಿದು, ಕೆಲವೇ ಹಾಳೆಗಳಲ್ಲಿ ಬರಹ ಮಡಿಕೆಯ ಮೇಲೆಯೇ ಬೀಳುತ್ತಿತ್ತು. ಕಡತದ ತಲೆಯಲ್ಲಿ ಪಿ, ಎಲ್, 72 ಎಂದು ಒಂದು ಚುಕ್ಕಿಸಾಲು ಬರೆದರೆ ಮುಗಿಯಿತು.

ಇನ್ನೊಂದು ಜೋಡಿ ಆಜ್ಞೆ ಇತ್ತು. ಹೆಸರು, ಊರುಗಳ ಪಟ್ಟಿ ಯಾವ ಕಡತದಲ್ಲಿದೆ ಎಂದು ಒಂದು ಚುಕ್ಕಿಸಾಲು ಹೇಳುತ್ತಿತ್ತು. ಅದರಿಂದ ಯಾವ ಯಾವ ವಿವರ ಎತ್ತಿಕೊಳ್ಳಬೇಕೆಂದು ಇನ್ನೊಂದು. ಒಂದೇ ನೋಟಿಸು ನೂರು ಜನರ ಹೆಸರಿನಲ್ಲಿ ತಾನಾಗಿ ಹೊರಬರುತ್ತಿತ್ತು. ನಮೂನೆ ಬೇರೆ, ಮಾಹಿತಿ ಬೇರೆ ಎಂಬ ವಿವೇಕ ಗುಮಾಸ್ತರಿಗೆ ಬಂದದ್ದು ಬಹುಮಟ್ಟಿಗೆ ಇಲ್ಲಿಂದಲೇ.

ಇಷ್ಟೆಲ್ಲ ಇಂಗ್ಲಿಷಿಗೆ. ಕನ್ನಡದ ಕಥೆ ಬೇರೆ. ಗಣಕದಲ್ಲಿ ಒಂದು ಅಕ್ಷರಕ್ಕೆ 8 ಬಿಟ್‌ಗಳ ಮನೆ. ಇಂಗ್ಲಿಷಿಗೆ 7 ಸಾಕು. ಖಾಲಿ ಉಳಿದ ಎಂಟನೆಯದನ್ನು ವರ್ಡ್‌ಸ್ಟಾರಿನ ಆರಂಭದ ಆವೃತ್ತಿಗಳು ಸುಮ್ಮನೆ ಬಿಡಲಿಲ್ಲ. ಸಾಲಿನ ಎರಡೂ ಅಂಚು ಸಮ ಮಾಡಲೆಂದು ಪ್ರತಿ ಪದದ ಕೊನೆಯ ಅಕ್ಷರದಲ್ಲಿ ಅಲ್ಲೊಂದು ಗುರುತು ಇಡುತ್ತಿದ್ದವು. ಇತ್ತ ಭಾರತೀಯ ಲಿಪಿಗಳಿಗೆಂದು 1991ರಲ್ಲಿ ಅಂಗೀಕಾರವಾದ 'ಇಸ್ಕಿ' ಶಿಷ್ಟತೆ ಕನ್ನಡ ಅಕ್ಷರಗಳನ್ನು ಕೂರಿಸಿದ್ದೂ ಅದೇ ಎಂಟನೇ ಬಿಟ್ಟಿನ ಭಾಗದಲ್ಲಿ. ಕನ್ನಡಕ್ಕೆಂದು ಗೊತ್ತಾದ ಮನೆಯಲ್ಲಿ ವರ್ಡ್‌ಸ್ಟಾರ್ ಆಗಲೇ ಬಾಡಿಗೆಗಿತ್ತು! ಕಣ್ಣಿಗೆ ಕಾಣುವ ಚುಕ್ಕಿಸಾಲು ಕನ್ನಡಕ್ಕೆ ಯಾವ ತೊಂದರೆಯನ್ನೂ ಕೊಡಲಿಲ್ಲ. ಕಾಣದಂತೆ ಅಕ್ಷರದೊಳಗೇ ಅಡಗಿಸಿದ ಗುರುತು ಅಡ್ಡಬಂತು. ಇಂಗ್ಲಿಷನ್ನಷ್ಟೇ ಮನಸ್ಸಿನಲ್ಲಿಟ್ಟು ಕಟ್ಟಿದ ಸಲಕರಣೆಗಳ ಹಣೆಬರಹವೇ ಇದು.

ದಾರಿ ತೋರಿದ್ದು ಐಐಟಿ ಕಾನ್ಪುರದಲ್ಲಿ ಮೊಳೆತು, ಪುಣೆಯ ಸಿ-ಡಾಕ್ ಸಂಸ್ಥೆಯಲ್ಲಿ ಬೆಳೆದ 'ಜಿಸ್ಟ್' ತಂತ್ರಜ್ಞಾನ. ಗಣಕದೊಳಗೆ ಜಿಸ್ಟ್ ಕಾರ್ಡೊಂದನ್ನು ಸಿಕ್ಕಿಸಿದರೆ ಡಾಸ್ ಪರದೆಯ ಮೇಲೆ ಕನ್ನಡ ಮೂಡುತ್ತಿತ್ತು.

ಚಾಮರಾಜನಗರ 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಅದಾಗಿ ಕೆಲವೇ ವರ್ಷಗಳಲ್ಲಿ 'ಭೂಮಿ' ಯೋಜನೆ ಬಂದು ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು. ಇದು ವರ್ಡ್‌ಸ್ಟಾರಿನ ಕೆಲಸವಲ್ಲ, ದತ್ತಾಂಶ ಕೋಶದ ಕೆಲಸ. ಆದರೂ ನೋಟಿಸಿನ ನೀತಿಯೇ ಇಲ್ಲೂ ನಡೆಯಿತು: ನಮೂನೆ ಒಂದು ಕಡೆ, ಹೆಸರು ಮತ್ತು ಎಕರೆ-ಗುಂಟೆ ಇನ್ನೊಂದು ಕಡೆ. ಅಚ್ಚಾಗುವ ಹೊತ್ತಿಗಷ್ಟೇ ಎರಡೂ ಸೇರುವುದು. ಹೆಸರು ತಪ್ಪಾಗಿ ಏರಿದ್ದರೆ ಮಾತ್ರ ಎಷ್ಟು ಚೆಂದದ ಗೆರೆ ಎಳೆದರೂ ತಪ್ಪೇ ಅಚ್ಚಾಗುತ್ತದೆ, ತಿದ್ದುಪಡಿಗೆ ರೈತನೇ ಅರ್ಜಿ ಹಿಡಿದು ಅಲೆಯಬೇಕು.

ವಿಂಡೋಸ್ ಬಂದ ಮೇಲೆ ಚುಕ್ಕಿಸಾಲುಗಳು ಕಚೇರಿಗಳಿಂದ ಮರೆಯಾದವು. ಪರದೆಯಲ್ಲಿ ಕಂಡಂತೆಯೇ ಕಾಗದದಲ್ಲೂ ಬರತೊಡಗಿತು, ಆಜ್ಞೆಗಳು ಒಳಗೆ ಅವಿತವು. ಆದರೆ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಹಳೆಯ ಉಪಾಯ ಬೇರೆ ವೇಷದಲ್ಲಿ ಉಳಿದಿದೆ. ಅಲ್ಲಿ ಗುಂಡ್ಲುಪೇಟೆಯ ಬಗ್ಗೆ ಬರೆಯುವವರು ಉಪಶೀರ್ಷಿಕೆ ಬೇಕಾದಾಗ ಸಾಲಿನ ಆಚೀಚೆ ಎರಡೆರಡು ಸಮ ಚಿಹ್ನೆ ಇಡಬಹುದು, ಪಟ್ಟಿ ಬೇಕಾದರೆ ಸಾಲಿನ ತಲೆಗೊಂದು ನಕ್ಷತ್ರ. ಓದುಗರ ಪುಟದಲ್ಲಿ ಆ ಸಮ ಚಿಹ್ನೆಯೂ ಇರುವುದಿಲ್ಲ, ನಕ್ಷತ್ರವೂ ಇರುವುದಿಲ್ಲ.